ಸೀಸದ ಕಡ್ಡಿಯ ಕಾಂತತ್ವ: ಡಾಕ್ಟರ್ ಕೆ. ಎಸ್. ಕೃಷ್ಣನ್

ನಾಗಪುರದ ಉತ್ತರಕ್ಕೆ, ಪಟ್ಟಣದಿಂದ ಹೆಚ್ಚು ದೂರವಿಲ್ಲದ ಸ್ಥಳದಲ್ಲಿ, ಖಾಪರಖೇಡಾ ಎಂಬ ಊರಿದೆ. ಗಣಿಗಳಿಂದ ತಂದ ಕಲ್ಲಿದ್ದಲನ್ನು ಉರಿಸಿ, ನೀರನ್ನು ಆವಿಯಾಗಿಸಿ, ಆ ಆವಿಯ ಬಲದಿಂದ ಭಾರಿ ಚಕ್ರಗಳನ್ನು ತಿರುಗಿಸಿ ಅಲ್ಲಿನ ಉಷ್ಣವಿದ್ಯುತ್ ಸ್ಥಾವರವು 1340 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲದು. ಆ ಸ್ಥಾವರದ ಕೆಲಸವೆಲ್ಲವೂ ಎರಡು ಸಂಗತಿಗಳನ್ನು ಅವಲಂಬಿಸಿದೆ. ಕಲ್ಲಿದ್ದಲಿನ ಮುಖ್ಯಾಂಶವಾದ ಇಂಗಾಲವು ಮೊದಲನೆಯದು. ತಂತಿಯ ಸುರುಳಿಗಳ ನಡುವೆ ತಿರುಗುವ ಉಕ್ಕಿನ ಕಾಂತವು ಎರಡನೆಯದು. ಇಂಗಾಲವು ಉರಿಯುವ ವಸ್ತು, ಕಬ್ಬಿಣವು ಕಾಂತವಾಗುವ ವಸ್ತು ಎಂದು ನಾವೆಲ್ಲರೂ ಚಿಕ್ಕಂದಿನಿಂದ ತಿಳಿದಿರುವೆವು. ಇಂಗಾಲಕ್ಕೂ ಕಾಂತತ್ವಕ್ಕೂ ಏನಾದರೂ ನಂಟಿದ್ದೀತೆಂದು ಯಾರಿಗೂ ಸುಲಭವಾಗಿ ಹೊಳೆಯುವುದಿಲ್ಲ.

ಆದರೆ ಆ ನಂಟು ಇದೆ. ಅದು ಅತಿ ಸೂಕ್ಷ್ಮವಾದುದು. ಆದರೂ ಅಳತೆಗೆ ನಿಲುಕುವಂತಹುದು. ನಾವು ಬರೆಯಲು ಬಳಸುವ ಸೀಸದ ಕಡ್ಡಿಯೊಳಗಿನ ಗ್ರಾಫೈಟು ಇಂಗಾಲದ ಒಂದು ರೂಪ. ಅದರ ಕಾಂತಗುಣವನ್ನು ಇಂದಿಗೆ ಸುಮಾರು ತೊಂಬತ್ತು ವರ್ಷಗಳ ಹಿಂದೆ ಭಾರತದ ನೆಲದಲ್ಲಿಯೇ, ಬಹಳ ಸರಳವಾದ ಉಪಕರಣಗಳಿಂದ ಅಳೆದು, ಅದರ ಅರ್ಥವನ್ನು ಹುಡುಕಿದ ಮಹನೀಯರು ಡಾಕ್ಟರ್ ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್. ಅವರ ಜೀವನವೃತ್ತಾಂತವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯುವುದು ಅವಶ್ಯಕವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಕೃಷ್ಣನ್ ಅವರು 1898ನೆಯ ಇಸವಿ ಡಿಸೆಂಬರ್ ತಿಂಗಳ 4ನೆಯ ದಿನ ತಮಿಳುನಾಡಿನ ಅಂದಿನ ರಾಮನಾಥಪುರ ಜಿಲ್ಲೆಯ ವತ್ರಾಪ್ ಎಂಬ ಗ್ರಾಮದಲ್ಲಿ ಜನಿಸಿದರು. ಸಂಸ್ಕೃತ ಮತ್ತು ತಮಿಳು ಸಾಹಿತ್ಯಗಳಲ್ಲಿ ಅವರಿಗಿದ್ದ ಅಭಿರುಚಿಯು ಕೊನೆಯವರೆಗೂ ಮಾಸಲಿಲ್ಲ. ಸ್ವಗ್ರಾಮದಲ್ಲಿಯೂ ಶ್ರೀವಿಲ್ಲಿಪುತ್ತೂರಿನಲ್ಲಿಯೂ ಶಾಲಾವ್ಯಾಸಂಗವನ್ನು ಮುಗಿಸಿ, ಮಧುರೆಯ ಅಮೆರಿಕನ್ ಕಾಲೇಜಿನಲ್ಲಿಯೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಅವರು ಓದಿದರು. ಮುಂದೆ ಆ ಕ್ರಿಶ್ಚಿಯನ್ ಕಾಲೇಜಿನಲ್ಲಿಯೇ ರಸಾಯನಶಾಸ್ತ್ರದ ಪ್ರಯೋಗಶಿಕ್ಷಕರಾದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಪಾಠಪಟ್ಟಿಯ ಎಲ್ಲೆಯನ್ನು ಮೀರಿ, ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರಗಳಲ್ಲಿ ಯಾವ ಪ್ರಶ್ನೆ ಬಂದರೂ ಚರ್ಚಿಸುತ್ತಿದ್ದರು. ಬೇರೆ ಕಾಲೇಜುಗಳ ಹುಡುಗರೂ ಬಂದು ಆ ಗೋಷ್ಠಿಯಲ್ಲಿ ಸೇರುತ್ತಿದ್ದರಂತೆ. ಪ್ರಶ್ನೆ ಕೇಳಿದವನನ್ನು ಕೀಳಾಗಿ ಕಾಣದೆ, ಪ್ರಶ್ನೆಯನ್ನೇ ದೊಡ್ಡದಾಗಿ ಕಾಣುವ ಸ್ವಭಾವವು ಅವರಲ್ಲಿ ಅಂದಿನಿಂದಲೇ ಬೆಳೆದಿತ್ತು.

ಆ ಕಾಲದಲ್ಲಿ ವಿಜ್ಞಾನಾಸಕ್ತರಾದ ಭಾರತೀಯ ಯುವಕರ ಮನಸ್ಸನ್ನು ಸೆಳೆದಿದ್ದವರು ಸಿ. ವಿ. ರಾಮನ್. ಸರಕಾರದ ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆ, ರಂಗೂನು, ನಾಗಪುರಗಳಲ್ಲಿ ಕೆಲಸ ಮಾಡಿದ್ದ ರಾಮನ್ ಅವರು 1917ರಲ್ಲಿ ಆ ದೊಡ್ಡ ಉದ್ಯೋಗವನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಕೃಷ್ಣನ್ ಅವರು 1920ರಲ್ಲಿ ಕಲ್ಕತ್ತೆಗೆ ಹೋಗಿ, 1923ರಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದಲ್ಲಿ ರಾಮನ್ ಅವರ ಬಳಿ ಸಂಶೋಧನ ವಿದ್ಯಾರ್ಥಿಯಾದರು. ದ್ರವಗಳಲ್ಲಿ ಬೆಳಕು ಹೇಗೆ ಚದರುವುದೆಂಬುದೇ ಅಲ್ಲಿ ಅವರ ಮೊದಲ ಅಧ್ಯಯನ.

1928ರ ಜನವರಿ, ಫೆಬ್ರವರಿ ತಿಂಗಳುಗಳು ಭಾರತೀಯ ವಿಜ್ಞಾನದ ಚರಿತ್ರೆಯಲ್ಲಿ ಚಿರಸ್ಮರಣೀಯವಾದವು. ಗುರುಶಿಷ್ಯರಿಬ್ಬರೂ ಸೂರ್ಯನ ಬೆಳಕನ್ನು ಒಂದು ಬಣ್ಣದ ಗಾಜಿನ ಮೂಲಕ ಶುದ್ಧವಾದ ದ್ರವಗಳಿಗೆ ಹಾಯಿಸಿದರು. ಚದರಿ ಬಂದ ಬೆಳಕನ್ನು ಮೊದಲಿನದನ್ನು ಪೂರ್ಣವಾಗಿ ತಡೆಯುವ ಇನ್ನೊಂದು ಬಣ್ಣದ ಗಾಜಿನ ಮೂಲಕ ನೋಡಿದರು. ಏನೂ ಕಾಣಬಾರದಾಗಿದ್ದ ಕಡೆ ಮಂದವಾದ ಬೆಳಕು ಕಂಡಿತು. ದ್ರವದೊಳಗೆ ಬೆಳಕಿನ ಬಣ್ಣವೇ ಬದಲಾಗಿದ್ದಿತು. ಈ ಶೋಧನೆಯನ್ನು ತಿಳಿಸುವ ಪ್ರಥಮ ಪತ್ರವು ನೇಚರ್ ಪತ್ರಿಕೆಯಲ್ಲಿ ಆ ವರ್ಷದ ಮಾರ್ಚ್ 31ರಂದು ರಾಮನ್ ಮತ್ತು ಕೃಷ್ಣನ್ ಎಂಬ ಎರಡು ಹೆಸರುಗಳಲ್ಲಿ ಪ್ರಕಟವಾಯಿತು. ಮುಂದೆ ಇದಕ್ಕೆ ರಾಮನ್ ಪರಿಣಾಮವೆಂದು ಹೆಸರಾಯಿತು. 1930ರ ನೊಬೆಲ್ ಪಾರಿತೋಷಕವು ರಾಮನ್ ಒಬ್ಬರಿಗೇ ಸಂದಿತು.

ಇಷ್ಟು ದೊಡ್ಡ ಶೋಧನೆಯಲ್ಲಿ ಪಾಲುಗೊಂಡವರ ಮುಂದೆ ಎರಡು ದಾರಿಗಳಿರುತ್ತವೆ. ಆ ಕೀರ್ತಿಯ ನೆರಳಿನಲ್ಲಿಯೇ ನಿಂತು, ತನಗೆ ಬರಬೇಕಾದ ಪಾಲೆಷ್ಟೆಂದು ಲೆಕ್ಕ ಹಾಕುತ್ತ ಬಾಳುವುದು ಒಂದು. ಅದನ್ನು ಅಲ್ಲಿಗೇ ಬಿಟ್ಟು, ಯಾರೂ ಗಮನಿಸದ ಹೊಸ ಹೊಲವನ್ನು ಉಳುವುದು ಮತ್ತೊಂದು. ಕೃಷ್ಣನ್ ಅವರು ಎರಡನೆಯ ದಾರಿಯನ್ನು ಹಿಡಿದರು. 1928ರ ಡಿಸೆಂಬರಿನಲ್ಲಿ ಅವರು ಢಾಕಾ ವಿಶ್ವವಿದ್ಯಾನಿಲಯದಲ್ಲಿ ರೀಡರ್ ಹುದ್ದೆಯನ್ನು ವಹಿಸಿಕೊಂಡು ಕಲ್ಕತ್ತೆಯನ್ನು ಬಿಟ್ಟರು. ಆಗ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಲೋಕವಿಖ್ಯಾತರಾದ ಸತ್ಯೇಂದ್ರನಾಥ ಬೋಸ್. ಢಾಕಾದಲ್ಲಿ ಕೃಷ್ಣನ್ ಅವರು ಆರಿಸಿಕೊಂಡ ವಿಷಯ ಹರಳುಗಳ ಕಾಂತತ್ವ.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ಕಬ್ಬಿಣವು ಕಾಂತದ ಕಡೆಗೆ ಧಾವಿಸುತ್ತದೆ. ಆದರೆ ನೀರು, ಉಪ್ಪು, ಸಕ್ಕರೆ, ಇಂಗಾಲ ಮೊದಲಾದ ಅಸಂಖ್ಯಾತ ವಸ್ತುಗಳನ್ನು ಕಾಂತವು ಅತ್ಯಲ್ಪವಾಗಿ ದೂರಕ್ಕೆ ತಳ್ಳುತ್ತದೆ. ಈ ಗುಣಕ್ಕೆ ಪ್ರತಿಕಾಂತತ್ವವೆಂದು ಹೆಸರು. ಪರಮಾಣುವಿನೊಳಗಿನ ಎಲೆಕ್ಟ್ರಾನುಗಳ ಚಲನೆಯು ಹೊರಗಿನ ಕಾಂತಬಲವನ್ನು ಪ್ರತಿಭಟಿಸುವುದರಿಂದ ಇದು ಉಂಟಾಗುತ್ತದೆ. ಹರಳುಗಳಲ್ಲಿ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಜೋಡಣೆಗೊಂಡಿರುವುದರಿಂದ ಈ ಪ್ರತಿಭಟನೆಯು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರುವುದಿಲ್ಲ. ಒಂದು ದಿಕ್ಕಿಗೂ ಇನ್ನೊಂದು ದಿಕ್ಕಿಗೂ ಇರುವ ಈ ವ್ಯತ್ಯಾಸವನ್ನು ಅಳೆದರೆ, ಕಣ್ಣಿಗೆ ಕಾಣದ ಪರಮಾಣುಗಳು ಹರಳಿನೊಳಗೆ ಹೇಗೆ ಕುಳಿತಿವೆ, ಅವುಗಳ ಎಲೆಕ್ಟ್ರಾನುಗಳು ಎತ್ತ ಚಲಿಸುತ್ತವೆ ಎಂಬುದನ್ನು ಊಹಿಸಬಹುದು.

ಕೃಷ್ಣನ್ ಅವರು ಈ ಅಳತೆಗಾಗಿ ಕಂಡುಹಿಡಿದ ವಿಧಾನಗಳಲ್ಲಿ ಒಂದು ಬಹಳ ಸೊಗಸಾದುದು. ಬೆಣಚುಕಲ್ಲನ್ನು ಕರಗಿಸಿ ಎಳೆದ ಅತಿ ತೆಳುವಾದ ಎಳೆಯೊಂದರ ತುದಿಗೆ ಒಂದು ಚಿಕ್ಕ ಹರಳನ್ನು ಅಂಟಿಸಿ, ಅದನ್ನು ಕಾಂತದ ಎರಡು ಮುಖಗಳ ನಡುವೆ ತೂಗುಬಿಡುವರು. ಹರಳು ತನಗೆ ಒಪ್ಪುವ ದಿಕ್ಕಿನಲ್ಲಿ ನಿಲ್ಲುತ್ತದೆ. ಆಮೇಲೆ ಎಳೆಯ ಮೇಲ್ತುದಿಯನ್ನು ಮೆಲ್ಲಮೆಲ್ಲನೆ ತಿರುಚುತ್ತ ಹೋಗುವರು. ಹರಳು ಒಡನೆಯೇ ತಿರುಗಿಬಿಡುವುದಿಲ್ಲ. ಕಾಂತಬಲವು ಅದನ್ನು ಹಿಡಿದಿರುತ್ತದೆ. ಎಳೆಯ ತಿರುಚು ಹೆಚ್ಚುತ್ತ ಹೆಚ್ಚುತ್ತ, ಹರಳು ತನ್ನ ಮೊದಲ ಸ್ಥಾನದಿಂದ 45 ಅಂಶಗಳಷ್ಟು ಓರೆಯಾದ ಕ್ಷಣದಲ್ಲಿ ಆ ಹಿಡಿತವು ತನ್ನ ಮಿತಿಯನ್ನು ಮುಟ್ಟುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಮುಂದೆ ಹೋದರೆ ಸಾಕು, ಹರಳು ಥಟ್ಟನೆ ಸುತ್ತಿಬಿಡುತ್ತದೆ. ಅಷ್ಟರಲ್ಲಿ ಮೇಲ್ತುದಿಯನ್ನು ಎಷ್ಟು ತಿರುಚಿದ್ದಾಯಿತೆಂಬುದನ್ನು ಓದಿಕೊಂಡು, ಹರಳಿನ ಕಾಂತಗುಣವು ದಿಕ್ಕಿನಿಂದ ದಿಕ್ಕಿಗೆ ಎಷ್ಟು ಭಿನ್ನವೆಂಬುದನ್ನು ಲೆಕ್ಕ ಹಾಕಬಹುದು. ಒಂದು ಎಳೆ, ಒಂದು ಹರಳು, ಒಂದು ಕಾಂತ, ಕೋನವನ್ನು ತೋರಿಸುವ ಒಂದು ತಟ್ಟೆ — ಇಷ್ಟೇ ಮುಖ್ಯ ಸಾಮಗ್ರಿ. ಉಳಿದುದೆಲ್ಲವೂ ಪ್ರಯೋಗಕಾರನ ತಾಳ್ಮೆ ಮತ್ತು ತರ್ಕ.

ಈ ವಿಧಾನಗಳಿಂದ ಕೃಷ್ಣನ್ ಅವರೂ ಅವರ ಶಿಷ್ಯರೂ ನೂರಾರು ಬಗೆಯ ಅಳತೆಗಳನ್ನು ಮಾಡಿದರು. 1933ರಲ್ಲಿ ಅವರು ಕಲ್ಕತ್ತೆಯ ಸಂಘಕ್ಕೆ ಮಹೇಂದ್ರಲಾಲ್ ಸರ್ಕಾರ್ ಪ್ರಾಧ್ಯಾಪಕರಾಗಿ ಹಿಂದಿರುಗಿದರು. ಅದೇ ವರ್ಷ ರಾಮನ್ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಹೀಗೆ ಗುರುಶಿಷ್ಯರ ಕ್ಷೇತ್ರಗಳು ಬೇರೆಯಾದವು. ಹರಳುಗಳ ರಚನೆಯನ್ನು ಕ್ಷಕಿರಣಗಳಿಂದ ಅರಿಯುವುದರಲ್ಲಿ ಹೆಸರಾಂತ ವಿದುಷಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರೊಡನೆ ಕೂಡಿ ಕೃಷ್ಣನ್ ಅವರು 1936ರಲ್ಲಿ ಪ್ರಕಟಿಸಿದ ಪ್ರಬಂಧವು, ಕಾಂತದ ಅಳತೆಯಿಂದ ಅಣುಗಳ ನಿಲುವನ್ನು ತಿಳಿಯುವ ಬಗೆಯನ್ನು ಸ್ಪಷ್ಟಪಡಿಸಿತು.

ಈ ಹರಳುಗಳೆಲ್ಲದರ ನಡುವೆ ಗ್ರಾಫೈಟು ಒಂದು ವಿಚಿತ್ರವಾದ ಒಗಟಾಗಿದ್ದಿತು. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಷಟ್ಕೋನಾಕಾರದಲ್ಲಿ ಹೆಣೆದುಕೊಂಡು ಹಾಳೆಗಳಾಗಿರುತ್ತವೆ. ಒಂದೇ ಹಾಳೆಯಲ್ಲಿರುವ ನೆರೆಯ ಪರಮಾಣುಗಳ ನಡುವಣ ಅಂತರ 1.42 ಆಂಗ್‌ಸ್ಟ್ರಾಂ; ಒಂದು ಹಾಳೆಗೂ ಇನ್ನೊಂದು ಹಾಳೆಗೂ ಇರುವ ಅಂತರ 3.35 ಆಂಗ್‌ಸ್ಟ್ರಾಂ. ಆಂಗ್‌ಸ್ಟ್ರಾಂ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಹಾಳೆಗಳು ಒಂದನ್ನೊಂದು ಸಡಿಲವಾಗಿ ಹಿಡಿದಿರುವುದರಿಂದಲೇ ಸೀಸದ ಕಡ್ಡಿಯು ಕಾಗದದ ಮೇಲೆ ಜಾರಿ ಗೆರೆಯನ್ನು ಬಿಡುತ್ತದೆ. ಗ್ರಾಫೈಟಿನ ಪ್ರತಿಕಾಂತತ್ವವನ್ನು ಹಾಳೆಯ ಉದ್ದಕ್ಕೆ ಅಳೆದರೆ ಅದು ಸಾಧಾರಣ ಇಂಗಾಲಕ್ಕೆ ತಕ್ಕಷ್ಟೇ ಇರುತ್ತದೆ. ಹಾಳೆಗೆ ಲಂಬವಾದ ದಿಕ್ಕಿನಲ್ಲಿ ಅಳೆದರೆ ಸುಮಾರು 40 ಪಟ್ಟು ಹೆಚ್ಚಾಗಿರುತ್ತದೆ! ಒಂದೇ ವಸ್ತು, ಒಂದೇ ಹರಳು. ದಿಕ್ಕು ಬದಲಾದರೆ ಇಷ್ಟು ಅಂತರವೇಕೆ?

ಕೃಷ್ಣನ್ ಅವರು 1934ರಿಂದ ಈ ಪ್ರಶ್ನೆಯನ್ನು ಹಿಡಿದು, ಎನ್. ಗಂಗೂಲಿಯವರೊಡನೆ ಹಲವು ವರ್ಷಗಳ ಕಾಲ ಅದನ್ನು ಬೆನ್ನಟ್ಟಿದರು. ಗ್ರಾಫೈಟನ್ನು ತಣಿಸಿಯೂ ಕಾಯಿಸಿಯೂ ಅಳೆದರು. ಕಾಯಿಸಿದಷ್ಟೂ ಲಂಬದಿಕ್ಕಿನ ಪ್ರತಿಕಾಂತತ್ವವು ತಗ್ಗುವುದೆಂದೂ, ಹಾಳೆಯ ಉದ್ದಕ್ಕಿರುವುದು ಹೆಚ್ಚಾಗಿ ಬದಲಾಗದೆಂದೂ ಕಂಡಿತು. ವಿದ್ಯುತ್ತು ಹಾಳೆಯ ಉದ್ದಕ್ಕೆ ಸಲೀಸಾಗಿ ಹರಿಯುವುದು. ಹಾಳೆಯಿಂದ ಹಾಳೆಗೆ ಹರಿಯಲು ಸಾವಿರಾರು ಪಟ್ಟು ಹೆಚ್ಚು ತಡೆ ಇರುವುದು ಎಂಬುದನ್ನೂ ಅವರು ತೋರಿಸಿದರು. ಈ ಎರಡು ಸಂಗತಿಗಳನ್ನು ಕೂಡಿಸಿ ಅವರು ತೀರ್ಮಾನಿಸಿದುದಿಷ್ಟು: ಗ್ರಾಫೈಟಿನಲ್ಲಿ ಕೆಲವು ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಅಂಟಿಕೊಳ್ಳದೆ ಹಾಳೆಯ ತುಂಬ ಸ್ವಚ್ಛಂದವಾಗಿ ಓಡಾಡುತ್ತವೆ, ಆದರೆ ಹಾಳೆಯನ್ನು ಬಿಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಹೋಗಲಾರವು. ಹಾಳೆಗೆ ಲಂಬವಾಗಿ ಕಾಂತಬಲವನ್ನು ಹಾಯಿಸಿದಾಗ ಈ ಎಲೆಕ್ಟ್ರಾನುಗಳು ಹಾಳೆಯ ಮೇಲೆಯೇ ಸುತ್ತುತ್ತ ಅದನ್ನು ಬಲವಾಗಿ ಪ್ರತಿಭಟಿಸುತ್ತವೆ. ಲೋಹಗಳ ಸ್ವತಂತ್ರ ಎಲೆಕ್ಟ್ರಾನುಗಳಿಗೆ ಇಂತಹ ಗುಣವಿರುವುದನ್ನು ರಷ್ಯದ ಲ್ಯಾಂಡೌ ಅವರು 1930ರಲ್ಲಿ ಗಣಿತದಿಂದ ತೋರಿಸಿದ್ದರು. ಅದನ್ನು ಗ್ರಾಫೈಟಿಗೆ ಅನ್ವಯಿಸಿ, ಗಂಗೂಲಿ ಮತ್ತು ಕೃಷ್ಣನ್ ಅವರು 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರವಾದ ಪ್ರಬಂಧವನ್ನು ಪ್ರಕಟಿಸಿದರು.

ಆ ಹೊತ್ತಿಗೆ ಕೃಷ್ಣನ್ ಅವರ ಕೀರ್ತಿಯು ಸ್ವಂತ ಕಾಲಿನ ಮೇಲೆ ನಿಂತಿದ್ದಿತು. 1940ರಲ್ಲಿ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. 1942ರಲ್ಲಿ ಅವರು ಅಲಹಾಬಾದ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದರು. ಅಲ್ಲಿ ಎ. ಬಿ. ಭಾಟಿಯಾ ಅವರೊಡನೆ ಸೇರಿ, ಕರಗಿದ ಲೋಹಗಳಲ್ಲಿ ವಿದ್ಯುತ್ತಿಗೆ ಉಂಟಾಗುವ ತಡೆಯನ್ನು ಎಲೆಕ್ಟ್ರಾನುಗಳ ತರಂಗಗುಣದಿಂದ ವಿವರಿಸಿದರು. 1946ರಲ್ಲಿ ಅವರಿಗೆ ಸರ್ ಪದವಿ ಲಭಿಸಿತು.

ದೇಶವು ಸ್ವತಂತ್ರವಾದಾಗ, ಹೊಸ ಭಾರತಕ್ಕೆ ತನ್ನವೇ ಆದ ಅಳತೆಯ ಮಾನದಂಡಗಳೂ ಪ್ರಯೋಗಶಾಲೆಗಳೂ ಬೇಕಾದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಗೆ 1947ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ಅವರು ಅಸ್ತಿಭಾರವನ್ನು ಹಾಕಿದರು; 1950ರ ಜನವರಿಯಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರು ಅದನ್ನು ಉದ್ಘಾಟಿಸಿದರು. ಅದರ ಪ್ರಥಮ ನಿರ್ದೇಶಕರು ಕೃಷ್ಣನ್. ಒಂದು ಮೀಟರು ಎಷ್ಟು, ಒಂದು ಕಿಲೋಗ್ರಾಂ ಎಷ್ಟು, ಒಂದು ಕ್ಷಣವೆಷ್ಟು ಎಂಬುದನ್ನು ಇಡೀ ದೇಶಕ್ಕಾಗಿ ಕಾಯ್ದಿಡುವ ಸಂಸ್ಥೆಯದು. ಹರಳಿನ ತಿರುವನ್ನು ಜೀವಮಾನವೆಲ್ಲ ಅಳೆದವರ ಕೈಗೆ ಆ ಹೊಣೆ ಬಂದುದು ಎಷ್ಟು ಉಚಿತ! 1948ರಲ್ಲಿ ಸ್ಥಾಪಿತವಾದ ಅಣುಶಕ್ತಿ ಆಯೋಗದಲ್ಲಿ ಹೋಮಿ ಭಾಭಾ ಮತ್ತು ಶಾಂತಿಸ್ವರೂಪ ಭಟ್ನಾಗರ್ ಅವರೊಡನೆ ಕೃಷ್ಣನ್ ಅವರೂ ಒಬ್ಬ ಸದಸ್ಯರಾಗಿದ್ದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ, ಭಟ್ನಾಗರ್ ಅವರ ಹೆಸರಿನ ಪಾರಿತೋಷಕವನ್ನು ಪ್ರಥಮವಾಗಿ ಕೊಟ್ಟ 1958ರಲ್ಲಿ ಆ ಗೌರವವೂ ಅವರಿಗೆ ಸಂದವು. ಆಡಳಿತದ ಕಾರ್ಯಭಾರದ ನಡುವೆಯೂ ಅವರು ಸಂಶೋಧನೆಯನ್ನು ಕೈಬಿಡಲಿಲ್ಲ; ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಹೊಮ್ಮುವ ಬಗೆಯನ್ನು ಕಿರಿಯರೊಡನೆ ಅಭ್ಯಸಿಸುತ್ತಲೇ ಇದ್ದರು. 1961ರ ಜೂನ್ ತಿಂಗಳಿನಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ಮಹಾಪುರುಷರ ಜೀವನವು ಅವರ ಮರಣದೊಡನೆ ಮುಗಿಯುವುದಾದರೂ ಅವರು ಎತ್ತಿದ ಪ್ರಶ್ನೆಯು ಮುಗಿಯುವುದಿಲ್ಲ. 1947ರಲ್ಲಿ ವಾಲೆಸ್ ಎಂಬ ವಿಜ್ಞಾನಿಯು ಗ್ರಾಫೈಟಿನ ಒಂದೇ ಒಂದು ಹಾಳೆಯಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸುವುವೆಂದು ಲೆಕ್ಕ ಹಾಕಿದರು. 1956ರಲ್ಲಿ ಮ್ಯಾಕ್ಲೂರ್ ಅವರು ಆ ಲೆಕ್ಕದ ಆಧಾರದಿಂದ ಗ್ರಾಫೈಟಿನ ಅಸಾಧಾರಣ ಪ್ರತಿಕಾಂತತ್ವಕ್ಕೆ ಇನ್ನೂ ಆಳವಾದ ಕಾರಣವನ್ನು ಕೊಟ್ಟರು. ಆದರೆ ಒಂಟಿ ಹಾಳೆಯನ್ನು ಬೇರ್ಪಡಿಸುವುದು ಸಾಧ್ಯವೆಂದು ಆಗ ಯಾರೂ ನಂಬಿರಲಿಲ್ಲ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅವರು ಅಂಟುವ ಪಟ್ಟಿಯಿಂದ ಗ್ರಾಫೈಟಿನ ಪದರಗಳನ್ನು ಮತ್ತೆ ಮತ್ತೆ ಕಿತ್ತು, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಪಡೆದು ಅದರಲ್ಲಿ ವಿದ್ಯುತ್ತನ್ನು ಹರಿಸಿದರು. ಅದೇ ಗ್ರಾಫೀನ್. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿಯೂ ಗ್ರಾಫೀನನ್ನು ಕುರಿತು ಗಣ್ಯವಾದ ಸಂಶೋಧನೆ ನಡೆದಿದೆ.

ಎಲೆಕ್ಟ್ರಾನಿಗೆ ಚಲನೆಯಿಂದ ಬರುವ ಕಾಂತತ್ವವಲ್ಲದೆ ಹುಟ್ಟಿನಿಂದಲೇ ಬಂದ ಮತ್ತೊಂದು ಕಾಂತತ್ವವೂ ಉಂಟು. ಪ್ರತಿಯೊಂದು ಎಲೆಕ್ಟ್ರಾನೂ ತಾನೇ ಒಂದು ಅತಿ ಚಿಕ್ಕ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಈ ಗುಣವನ್ನು 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ತರುಣರು ಸೂಚಿಸಿದರು. ಬುಗುರಿಯ ತಿರುಗುವಿಕೆಗೆ ಹೋಲಿಸಿ ಇದನ್ನು ಗಿರಕಿ ಎನ್ನಬಹುದು. ವಿದ್ಯುತ್ತಿನ ಜೊತೆಗೆ ಈ ಗಿರಕಿಯ ದಿಕ್ಕನ್ನೂ ಒಂದೆಡೆಯಿಂದ ಇನ್ನೊಂದೆಡೆಗೆ ಕೆಡದಂತೆ ಸಾಗಿಸಲು ಬಂದರೆ, ಲೆಕ್ಕಯಂತ್ರಗಳಿಗೆ ಹೊಸ ಶಕ್ತಿ ಬರುವುದು. ಇಂಗಾಲವು ಹಗುರವಾದ ಮೂಲವಸ್ತುವಾದುದರಿಂದ, ಅದರ ನಡುವೆ ಓಡುವ ಎಲೆಕ್ಟ್ರಾನಿನ ಗಿರಕಿಯು ಸುಲಭವಾಗಿ ತಪ್ಪುವುದಿಲ್ಲವೆಂದು ನಿರೀಕ್ಷೆಯಿದ್ದಿತು. 2007ರಲ್ಲಿ ಹಾಲೆಂಡಿನ ಗ್ರೋನಿಂಗೆನ್ ವಿಶ್ವವಿದ್ಯಾನಿಲಯದವರು ಕೋಬಾಲ್ಟಿನ ಕಾಂತೀಯ ತುದಿಗಳಿಂದ ಗ್ರಾಫೀನಿಗೆ ಎಲೆಕ್ಟ್ರಾನುಗಳನ್ನು ಕಳುಹಿಸಿ, ಸಾಧಾರಣ ಕೊಠಡಿಯ ಉಷ್ಣತೆಯಲ್ಲಿಯೇ ಅವು ಒಂದೂವರೆಯಿಂದ ಎರಡು ಮೈಕ್ರೋಮೀಟರಿನಷ್ಟು ದೂರದವರೆಗೆ ತಮ್ಮ ದಿಕ್ಕನ್ನು ನೆನಪಿಟ್ಟುಕೊಳ್ಳುವುದನ್ನು ತೋರಿಸಿದರು. ಶುದ್ಧವಾದ ಗ್ರಾಫೀನನ್ನು ಬೋರಾನ್ ನೈಟ್ರೈಡಿನ ಹಾಳೆಗಳಿಂದ ರಕ್ಷಿಸಿದ ಮೇಲೆ ಈ ದೂರವು ಇನ್ನೂ ಹೆಚ್ಚಾಗಿದೆ. ಗ್ರಾಫೀನ್ ತಾನಾಗಿ ಕಬ್ಬಿಣದಂತೆ ಕಾಂತವಾಗುವುದಿಲ್ಲ. ಆದರೆ ಅದರ ಮೇಲೆ ಒಂದು ಜಲಜನಕದ ಪರಮಾಣು ಅಂಟಿಕೊಂಡರೂ ಆ ಸ್ಥಳದಲ್ಲಿ ಚಿಕ್ಕದೊಂದು ಕಾಂತತ್ವವು ಮೂಡುವುದೆಂಬುದು 2016ರಲ್ಲಿ ಪ್ರಯೋಗದಿಂದ ಕಂಡುಬಂದಿತು.

ಕೃಷ್ಣನ್ ಅವರ ಪ್ರಶ್ನೆಗೆ ಸಂಬಂಧಿಸಿದ ಒಂದು ಸಂಗತಿಯು ಇನ್ನೂ ಉಳಿದಿದ್ದಿತು. ಒಂಟಿ ಹಾಳೆಯ ಪ್ರತಿಕಾಂತತ್ವವನ್ನು ನೇರವಾಗಿ ಅಳೆದವರು ಯಾರೂ ಇರಲಿಲ್ಲ. ಅದು ಅಷ್ಟು ಸೂಕ್ಷ್ಮವಾದುದು. 2021ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಈ ಅಳತೆಯನ್ನು ಸಾಧಿಸಿದರು. ಅವರು ಬಳಸಿದ ಸಂವೇದಕವು ಎಲೆಕ್ಟ್ರಾನುಗಳ ಗಿರಕಿಯನ್ನೇ ಆಧರಿಸಿ ಕೆಲಸ ಮಾಡುವಂತಹುದು. ಹೀಗೆ ಎಲೆಕ್ಟ್ರಾನಿನ ಒಂದು ಕಾಂತತ್ವದಿಂದ ಅದರ ಇನ್ನೊಂದು ಕಾಂತತ್ವವನ್ನು ಅಳೆದಂತಾಯಿತು. 1934ರಲ್ಲಿ ಬೆಣಚುಕಲ್ಲಿನ ಎಳೆಯಿಂದ ತೊಡಗಿದ ಕಾರ್ಯವು 87 ವರ್ಷಗಳ ಅನಂತರ ಒಂದೇ ಪರಮಾಣುವಿನ ದಪ್ಪದವರೆಗೆ ಬಂದು ಮುಟ್ಟಿತು.

ವಿದ್ಯಾರ್ಥಿ ಮಿತ್ರರೇ, ಕೃಷ್ಣನ್ ಅವರು ಗ್ರಾಫೀನನ್ನು ನೋಡಲಿಲ್ಲ. ಆ ಹೆಸರನ್ನೂ ಕೇಳಲಿಲ್ಲ. ತಮ್ಮ ಅಳತೆಯಿಂದ ಮುಂದೆ ಯಾವ ಯಂತ್ರ ಹುಟ್ಟೀತೆಂದು ಅವರು ತಿಳಿದಿರಲಾರರು. ದೊಡ್ಡ ಪಾರಿತೋಷಕವು ಕೈಗೆ ಬಾರದೆ ಹೋದಾಗ ಅವರು ಎದೆಗುಂದಿದ್ದರೆ, ಢಾಕಾದಲ್ಲಿ ಹೊಸ ವಿಷಯವನ್ನು ಆರಂಭಿಸದೆ ಹಳೆಯ ಕೀರ್ತಿಯನ್ನು ಕುರಿತು ವಾದಿಸುತ್ತ ಕುಳಿತಿದ್ದರೆ, ಗ್ರಾಫೈಟಿನ ಎಲೆಕ್ಟ್ರಾನುಗಳು ಹಾಳೆಯ ಮೇಲೆ ಸ್ವಚ್ಛಂದವಾಗಿ ಸಂಚರಿಸುವುವೆಂಬ ಮಾತನ್ನು ಪ್ರಪಂಚವು ಬೇರೆ ದೇಶದವರಿಂದ, ಬಹುಶಃ ತಡವಾಗಿ, ಕೇಳಬೇಕಾಗುತ್ತಿತ್ತು. ಕಡಮೆ ಸಲಕರಣೆಯಿದ್ದುದನ್ನು ಅವರು ಕಡಮೆ ಕೆಲಸಕ್ಕೆ ನೆಪವಾಗಿ ಮಾಡಿಕೊಳ್ಳಲಿಲ್ಲ. ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ದೆಹಲಿಯಲ್ಲಿ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಿರುವ ರಸ್ತೆಗೆ ಅವರ ಹೆಸರನ್ನಿಟ್ಟಿರುವರು. ಆ ರಸ್ತೆಯನ್ನು ಕಾಣುವ ಅವಕಾಶವು ನಮ್ಮಲ್ಲಿ ಎಲ್ಲರಿಗೂ ದೊರೆಯದಿರಬಹುದು. ಆದರೆ ಸೀಸದ ಕಡ್ಡಿಯು ಎಲ್ಲರ ಕೈಯಲ್ಲಿಯೂ ಇದೆ. ಅದರಿಂದ ಎಳೆಯುವ ಪ್ರತಿಯೊಂದು ಗೆರೆಯಲ್ಲಿಯೂ ಕೃಷ್ಣನ್ ಅವರು ಹಗಲಿರುಳು ಅಳೆದ ಆ ಹಾಳೆಗಳು ಪದರಪದರವಾಗಿ ಕಾಗದಕ್ಕೆ ಇಳಿಯುತ್ತವೆ.